ಅಡ್ಡಿಯಿಲ್ಲ ಎಂದ ಎಮ್ಮೆ

ಸಮ್ಮೇಳನಕ್ಕೆ ಬಂದವರಿಗೆಲ್ಲ ಕೊಟ್ಟ ಚೀಲದಲ್ಲಿ ಒಂದು ಪೇಢೆಯ ಡಬ್ಬಿ, ಒಂದು ಪೆನ್ನು, ಒಂದು ನೀರಿನ ಬಾಟಲಿ ಮತ್ತು ಒಂದು ಶುದ್ಧ ಸುಳ್ಳು ಇದ್ದವು. ಸುಳ್ಳು ಇದ್ದದ್ದು ನುಣುಪು ಕಾಗದದ ಇಂಗ್ಲಿಷ್ ಕರಪತ್ರದಲ್ಲಿ. ಡಾ. ಕಸ್ತೂರಿ ಹಂಚಿನಮನಿ ಅದನ್ನು ಧಾರವಾಡದ ಆ ಸಭಾಭವನದ ಮೆಟ್ಟಿಲ ಮೇಲೆ ನಿಂತೇ ಓದಿದಳು, ಇನ್ನೊಮ್ಮೆ ಓದಿದಳು, ಮೈಯೆಲ್ಲ ಉರಿದುಹೋಯಿತು.

ಸಮ್ಮೇಳನದ ಹೆಸರು ಕೇಳಿದರೆ ಎಷ್ಟು ಚೆಂದ, 'ಪ್ರಾಣಿ ಕ್ಷೇಮ ಸಂಶೋಧನೆಯ ಹೊಸ ಹೆಜ್ಜೆಗಳು' ಅಂತ. ದೇಶವಿದೇಶದ ಪಶುವೈದ್ಯರು ಕೊರಳಿಗೆ ಹೆಸರಿನ ಚೀಟಿ ತೂಗಹಾಕಿಕೊಂಡು ಚಹಾ ಕುಡಿಯುತ್ತಿದ್ದರು. ಅವರೆಲ್ಲ ಇಲ್ಲಿಗೆ ಬಂದದ್ದು ಒಂದು ಗುಂಡಿಯ ದೆಸೆಯಿಂದ. ಅಂಗಿಯ ಗುಂಡಿಗಿಂತ ಕೊಂಚ ದೊಡ್ಡದು, ಎಮ್ಮೆಯ ಕಿವಿಗೆ ಚುಚ್ಚಿ ಕೂರಿಸುವಂಥದು. ಹೆಸರು ಮೂಕವಾಣಿ. ಎಮ್ಮೆಯ ನಾಡಿ, ಕಿವಿಯ ಬಿಸಿ, ಚರ್ಮದಡಿಯ ನರದಲ್ಲಿ ಹರಿಯುವ ಸಣ್ಣ ವಿದ್ಯುತ್ತು ಇಷ್ಟನ್ನೂ ಓದಿ, ಒಳಗೊಳಗೇ ಲೆಕ್ಕ ಹಾಕಿ, ಬಾಯಿ ಬಿಟ್ಟು ಒಂದು ಮಾತು ಹೇಳುತ್ತದೆ. ಅದಕ್ಕೆ ಬರುವುದು ಸುಖದಿಂದ ನೋವಿಗೆ ಇಳಿಯುವ ನಾಲ್ಕೇ ಮಾತು: ಛಲೋ, ಆರಾಮ, ಅಡ್ಡಿಯಿಲ್ಲ, ತ್ರಾಸ. ಎಮ್ಮೆಗೆ ಮಾತು ಬಂತು ಎಂದು ಪತ್ರಿಕೆಗಳು ಕುಣಿದಾಡಿದವು.

ನರದ ಭಾಷೆ ಬಿಡಿಸಿದವಳು ಕಸ್ತೂರಿ. ಎಮ್ಮೆಗಳ ನೋವಿನ ಮೇಲೆ ಅವಳು ತನ್ನ ಪ್ರಯೋಗಾಲಯದಲ್ಲಿ ಕೂದಲು ಬೆಳ್ಳಗಾಗುವಷ್ಟು ಕಾಲ ಕೆಲಸ ಮಾಡಿದ್ದಳು. ಗುಂಡಿ ಮಾಡಿ ಮಾರಿದ್ದು ಬೆಂಗಳೂರಿನ ಕಂಪನಿ. ನಾಲ್ಕು ಮಾತನ್ನೂ ಅವಳೇ ಆರಿಸಿದ್ದು, ಧಾರವಾಡದ ಓಣಿಗಳಲ್ಲಿ ಜನ ಆಡುವ ಮಾತೇ ಇರಲಿ ಎಂದು. ಈಗ ಕರಪತ್ರದವರು ಮೂರನೆಯ ಮಾತನ್ನು ಇಂಗ್ಲಿಷಿಗೆ ತಂದಿದ್ದರು. 'ಅಡ್ಡಿಯಿಲ್ಲ' ಎಂಬುದರ ಎದುರಿಗೆ ದಪ್ಪಕ್ಷರದಲ್ಲಿ 'ನೋ ಆಬ್ಜೆಕ್ಷನ್' ಎಂದಿತ್ತು. ಅದರ ಕೆಳಗೆ, ಎಮ್ಮೆ ಹಾಗೆಂದರೆ ಮಾಡುವ ಚಿಕಿತ್ಸೆಗೆ ಎಮ್ಮೆಯ ಸಮ್ಮತಿ ಇದೆ ಎಂದು ತಿಳಿಯತಕ್ಕದ್ದು, ಅರಿವಳಿಕೆ ಕೊಡುವ ಕಡ್ಡಾಯವಿಲ್ಲ, ಎಂದಿತ್ತು. ಸಂಜೆಯ ಸಭೆಯಲ್ಲಿ ಇದನ್ನೇ 'ಧಾರವಾಡ ಘೋಷಣೆ' ಎಂದು ಪಾಸು ಮಾಡಿ ದೇಶಕ್ಕೆಲ್ಲ ನಿಯಮ ಮಾಡಲು ಶಿಫಾರಸು ಮಾಡುವವರಿದ್ದರು.

ನೀವು ಧಾರವಾಡದಲ್ಲಿ ಯಾರನ್ನಾದರೂ ನಿಲ್ಲಿಸಿ ಹೆಂಗದೀರಿ ಎಂದು ಕೇಳಿ ನೋಡಿ. ನಿನ್ನೆ ಕಾಲು ಮುರಿದುಕೊಂಡವನೂ ಅಡ್ಡಿಯಿಲ್ರಿ ಎನ್ನುತ್ತಾನೆ, ಮೊನ್ನೆ ಮಗಳ ಮದುವೆ ಮುರಿದವನೂ ಅಡ್ಡಿಯಿಲ್ರಿ ಎನ್ನುತ್ತಾನೆ. ಚೆನ್ನಾಗಿದ್ದೇನೆ ಎಂದು ಅದರ ಅರ್ಥವಲ್ಲ. ತ್ರಾಸ ಉಂಟು, ನಿನ್ನ ಮುಂದೆ ತೋಡಿಕೊಂಡರೆ ನೀನೇನು ಕಿತ್ತು ಗುಡ್ಡೆ ಹಾಕುತ್ತೀ, ಹೇಗೋ ನಡೆದಿದೆ, ಎಂದು ಅರ್ಥ. ಕಸ್ತೂರಿಯ ಗಂಡ ಗದಿಗೆಪ್ಪ, ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರ, ಹಿಂದೊಮ್ಮೆ ಹೊಟ್ಟೆ ಹಿಡಿದುಕೊಂಡು ದವಾಖಾನೆಗೆ ಹೋದಾಗ ಬೇರೆ ಸೀಮೆಯಿಂದ ಬಂದ ಹೊಸ ಡಾಕ್ಟರು ಹೇಗಿದೆ ಎಂದು ಕೇಳಿದ್ದ. ಇವನು ರೂಢಿಯಂತೆ ಅಡ್ಡಿಯಿಲ್ರಿ ಎಂದ. ಡಾಕ್ಟರು ಎರಡು ಮಾತ್ರೆ ಕೊಟ್ಟು ಕಳಿಸಿದ. ಮನೆ ಮುಟ್ಟುವುದರೊಳಗೆ ಒಳಗೆ ಅಪೆಂಡಿಕ್ಸ್ ಒಡೆದಿತ್ತು. ಬದುಕಿದ್ದು ಅವನ ಪುಣ್ಯ.

ಅದಕ್ಕೇ ಕಸ್ತೂರಿ ಆ ಮಾತನ್ನು ಮೂರನೆಯ ಮೆಟ್ಟಿಲಿಗೆ ಇಟ್ಟಿದ್ದಳು. ನೋವಿದೆ, ಪ್ರಾಣಿ ತಾಳಿಕೊಂಡಿದೆ, ಹೋಗಿ ನೋಡು, ಎಂಬುದಕ್ಕೆ. ಇವರು ಅದನ್ನೇ ಒಪ್ಪಿಗೆಯ ಸಹಿ ಮಾಡಿ ಕೂತಿದ್ದರು.

ಕಂಪನಿಯ ಮುಖ್ಯಸ್ಥ ನಿಶ್ಚಲ್ ಚಹಾದ ಮೇಜಿನ ಬಳಿ ಸಿಕ್ಕ. ಮೂವತ್ತೈದರ ಹುಡುಗ, ಬೆಣ್ಣೆಯಲ್ಲಿ ಅದ್ದಿ ತೆಗೆದಂಥ ಮಾತು. ಕಸ್ತೂರಿ ಕರಪತ್ರವನ್ನು ಅವನ ಮೂಗಿನ ಕೆಳಗೆ ಹಿಡಿದಳು.

"ಇದನ್ನ ಯಾರು ಬರದ್ರು?"

"ನಮ್ಮ ಭಾಷಾ ತಂಡ ಮೇಡಂ. ಯಾಕೆ, ತಪ್ಪಾಗಿದೆಯಾ? ನಿಘಂಟು ನೋಡಿದ್ವಿ. ಅಡ್ಡಿ ಅಂದ್ರೆ ಆಕ್ಷೇಪಣೆ. ಇಲ್ಲ ಅಂದ್ರೆ ಇಲ್ಲ."

"ನಿಘಂಟು ಅಲ್ಲ, ಎಮ್ಮಿ ನೋಡಬೇಕಿತ್ತು ನೀವು."

"ಮೇಡಂ, ನಿಮ್ಮೂರಲ್ಲೇ ಒಳಗೆ ಬರ್ಲಾ ಅಂತ ಕೇಳಿದ್ರೆ ಅಡ್ಡಿಯಿಲ್ಲ ಬನ್ನಿ ಅಂತಾರಲ್ವಾ? ಅದು ಒಪ್ಪಿಗೆ ಅಲ್ವಾ?"

ಅದೂ ನಿಜವೇ. ನಿಜವಿದ್ದದ್ದಕ್ಕೇ ಅವಳ ಸಿಟ್ಟು ಇನ್ನೂ ಏರಿತು.

"ಅದು ತನ್ನ ಮನಿ ಬಾಗಲಾ ತಗದು ನಿಂತಾವ ಹೇಳೂ ಮಾತು. ನಾಕೂ ಕಡೆ ಹಗ್ಗಾ ಬಿಗಿಸ್ಕೊಂಡು ನಿಂತಾಕಿ ಹೇಳೂ ಮಾತಲ್ಲ."

"ಭಾವನೆ ಅರ್ಥ ಆಗುತ್ತೆ ಮೇಡಂ. ಮುಂದಿನ ಆವೃತ್ತಿಯಲ್ಲಿ ನೋಡೋಣ," ಎಂದು ನಿಶ್ಚಲ್ ಪೇಢೆಯ ಡಬ್ಬಿ ಮುಂದೆ ಚಾಚಿದ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎಂದು ಗಾದೆ ಮಾಡಿದವರು ಇಂಥವನನ್ನು ಕಂಡಿರಲಿಕ್ಕಿಲ್ಲ. ಕಂಡಿದ್ದರೆ ಕೋಣನ ಮೇಲೆ ಹೊರೆ ಹೊರಿಸುತ್ತಿರಲಿಲ್ಲ.

ಈ ಘೋಷಣೆಯ ಹಿಂದಿನ ಕಸರತ್ತು ಅವಳಿಗೆ ಗೊತ್ತಿತ್ತು. ಕಂಪನಿ ಹೊಸದಾಗಿ ತಂದ ಹಾಲು ಕರೆಯುವ ಯಂತ್ರದ ಗೂಡು ಕೋಡಿಲ್ಲದ ವಿದೇಶಿ ಹಸುವಿನ ಅಳತೆಯದು. ಧಾರವಾಡಿ ಎಮ್ಮೆಯ ಕೋಡು ಕುಡುಗೋಲಿನಂತೆ ಹಿಂದಕ್ಕೆ ಬಾಗಿ ಅಗಲವಾಗಿ ಹರಡಿರುತ್ತದೆ, ಆ ಗೂಡಿನೊಳಗೆ ತಲೆಯೇ ತೂರುವುದಿಲ್ಲ. ಗೂಡು ಅಗಲ ಮಾಡುವ ಬದಲು ಕೋಡು ಕೊಯ್ಯಬೇಕು ಎಂದು ಜಾಣರು ನಿರ್ಧರಿಸಿದರು. ಬೆಳೆದ ಎಮ್ಮೆಯ ಕೋಡು ಉಗುರಲ್ಲ. ಬುಡದಲ್ಲಿ ನರವಿದೆ, ರಕ್ತವಿದೆ, ಒಳಗಿನ ಪೊಳ್ಳು ತಲೆಬುರುಡೆಯವರೆಗೆ ಹೋಗುತ್ತದೆ. ಅರಿವಳಿಕೆ ಕೊಟ್ಟರೆ ಕೆಲವು ದಿನ ಆ ಎಮ್ಮೆಯ ಹಾಲನ್ನು ಡೇರಿಗೆ ಹಾಕುವಂತಿಲ್ಲ. ಇದೊಂದು ತೊಡಕಿತ್ತು. ಎಮ್ಮೆಯೇ ಅಡ್ಡಿಯಿಲ್ಲ ಎಂದುಬಿಟ್ಟರೆ ತೊಡಕು ಎಲ್ಲಿಯದು?

ಮಧ್ಯಾಹ್ನ ಅವಳು ಊಟಕ್ಕೆ ಮನೆಗೇ ಹೋದಳು. ಆ ಜನರ ಜೊತೆ ಕೂತು ಉಣ್ಣಲು ಅವಳಿಗೆ ಮನಸ್ಸಿರಲಿಲ್ಲ. ಗದಿಗೆಪ್ಪ ರೊಟ್ಟಿಗೆ ಶೇಂಗಾ ಹಿಂಡಿ, ಮೊಸರು ಬಡಿಸಿ ಎದುರು ಕೂತ. ಅವಳು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ರೊಟ್ಟಿ ಮುರಿದ ಸದ್ದಿಗೆ ಒಳಗಿನಿಂದ ಬೆಕ್ಕು ಎದ್ದು ಬಂತು.

"ಬಳಿಗಾರ ಸರ್‌ಗೆ ಹೇಳಿದೇನು?" ಎಂದ ಗದಿಗೆಪ್ಪ. ಡಾ. ಶಿವಯೋಗಿ ಬಳಿಗಾರ ಕಸ್ತೂರಿಗೆ ಪಾಠ ಹೇಳಿದ ಗುರುಗಳು, ಈಗ ನಿವೃತ್ತರು, ಈ ಸಮ್ಮೇಳನದ ಅಧ್ಯಕ್ಷರು.

"ಅವರ ಊರಿನ ಹೆಸರು ಘೋಷಣಾದಾಗ ಬರ್ತದಲ್ಲ, ಅಷ್ಟಕ್ಕ ಉಬ್ಬಿ ಕೂತಾರ. ಮೂಗಿಗೆ ತುಪ್ಪಾ ಹಚ್ಚ್ಯಾರ ಅವರಿಗೆ."

"ಸಿಟ್ಟಿಲೆ ಮಾತಾಡಬ್ಯಾಡ. ನಗಸ್ಕೋತ ಹೇಳು. ನಮ್ಮ ಮಂದಿಗೆ ನಗಿ ಬಂತಂದ್ರ ಖರೇ ತಿಳೀತದ."

"ಕೋಡು ಕೊಯ್ಯೂದ್ರಾಗ ನಗೂದೇನದರಿ?"

"ನನ್ನ ಹೊಟ್ಟಿ ಒಡದಾಗೂ ನೀ ನಕ್ಕಿದ್ದಿ, ಆಮ್ಯಾಲೆ," ಎಂದ ಗದಿಗೆಪ್ಪ. ಕಸ್ತೂರಿಗೆ ನಗು ಬರಲಿಲ್ಲ. ಆದರೆ ಮಾತು ತಲೆಯಲ್ಲಿ ಉಳಿಯಿತು.

ಸಂಜೆಯ ಸಭೆ. ಭವನದ ಪಕ್ಕದ ಹುಲ್ಲಿನಂಗಳದಲ್ಲಿ ಕಬ್ಬಿಣದ ಕಟಕಟೆ ನಿಲ್ಲಿಸಿ ಅದರೊಳಗೆ ಒಂದು ಎಮ್ಮೆಯನ್ನು ಕಟ್ಟಿದ್ದರು. ದೊಡ್ಡ ಗಾಜಿನ ಬಾಗಿಲು ತೆರೆದಿದ್ದರಿಂದ ಸಭೆಗೆಲ್ಲ ಕಾಣುತ್ತಿತ್ತು, ಮೇಲಾಗಿ ಕ್ಯಾಮೆರಾದವರು ಅದರ ಮುಖವನ್ನು ಪರದೆಯ ಅರ್ಧಭಾಗದಲ್ಲಿ ತೋರಿಸುತ್ತಿದ್ದರು. ಇನ್ನರ್ಧದಲ್ಲಿ ಧಾರವಾಡದ ನಕಾಶೆ. ಗುಂಡಿ ಹಾಕಿದ ಪ್ರತಿಯೊಂದು ಎಮ್ಮೆಯೂ ಅದರಲ್ಲಿ ಒಂದು ಹಸಿರು ಚುಕ್ಕಿ. ಊರ ತುಂಬ ಹಸಿರು. ತ್ರಾಸ ಎಂದವು ಮಾತ್ರ ಕೆಂಪಾಗುತ್ತವೆ ಎಂದು ನಿಶ್ಚಲ್ ವಿವರಿಸಿ, ನೋಡಿ ಎಷ್ಟು ಅಪರೂಪ, ಎಂದ. ಚಪ್ಪಾಳೆ ಬಿತ್ತು.

ಎಮ್ಮೆಯ ಮಾಲೀಕ ವಿಠೋಬ, ಗೌಳಿಗರ ಓಣಿಯವನು. ಇಸ್ತ್ರಿ ಹಾಕಿದ ಅಂಗಿ ತೊಟ್ಟು ಕಟಕಟೆಯ ಪಕ್ಕ ನಿಂತು ಕ್ಯಾಮೆರಾದ ಕಡೆ ನೋಡಬೇಕೋ ಎಮ್ಮೆಯ ಕಡೆ ನೋಡಬೇಕೋ ತಿಳಿಯದೆ ಒದ್ದಾಡುತ್ತಿದ್ದ. ಸಭೆಯ ಮುಂದೆಯೇ ಕೋಡು ಕೊಯ್ದು ತೋರಿಸಲು ತಂತಿ ಗರಗಸ ಹಿಡಿದವನೊಬ್ಬ ಸಿದ್ಧನಾಗಿದ್ದ. ಪರರ ಮಕ್ಕಳನ್ನು ಬಾವಿಗೆ ದೂಡಿ ಆಳ ನೋಡುವುದು ಅಂದರೆ ಇದೇ.

ಕಸ್ತೂರಿ ಕೈಯೆತ್ತಿದಳು. ಅಧ್ಯಕ್ಷರು ಕೈ ಮಾಡಿದ ಮೇಲೆ ಮೈಕಿನ ಮುಂದೆ ಬಂದು, ಗಂಡ ಹೇಳಿದಂತೆ ಸಿಟ್ಟನ್ನು ನುಂಗಿಕೊಂಡಳು.

"ಸರ್, ಹೆಂಗದ್ರಿ ನಿಮ್ಮ ಮೊಣಕಾಲ?"

ಬಳಿಗಾರರ ಮೊಣಕಾಲಿನ ಆಪರೇಷನ್ ಆಗಿ ಇನ್ನೂ ಬಹಳ ದಿನವಾಗಿರಲಿಲ್ಲ. ಮುಂಜಾನೆಯಿಂದ ಅವರು ಕುರ್ಚಿಯಲ್ಲಿ ಆ ಕಡೆ ಈ ಕಡೆ ಹೊರಳಾಡುತ್ತಿದ್ದುದನ್ನು ಎಲ್ಲರೂ ಕಂಡಿದ್ದರು.

"ಅಡ್ಡಿಯಿಲ್ಲವ್ವಾ," ಎಂದರು ಬಳಿಗಾರರು.

"ಹಂಗಿದ್ರ ಅದರ ಮ್ಯಾಲೆ ಒಂದ್ ಸಲ ನಿಂದ್ರಲೇನ್ರಿ?"

ಧಾರವಾಡದವರು ಕೂತ ಸಾಲುಗಳು ಹೊಟ್ಟೆ ಹಿಡಿದು ನಕ್ಕವು. ಬಳಿಗಾರರೂ ನಕ್ಕರು. ಹೊರಗಿನವರು ಕಿವಿಯ ಯಂತ್ರದಲ್ಲಿ ಅನುವಾದ ಕೇಳಿ ತಡವಾಗಿ ನಕ್ಕರು. ಕಸ್ತೂರಿ ಆ ಮಾತಿನ ಅರ್ಥವನ್ನು, ಮೂರನೆಯ ಮೆಟ್ಟಿಲೆಂದರೆ ನೋವಿನ ಮೆಟ್ಟಿಲೇ ಎಂಬುದನ್ನು ಬಿಡಿಸಿ ಹೇಳಿದಳು. ಸಭೆ ತಲೆದೂಗಿತು. ಅಲ್ಲಲ್ಲಿ ವಾಹ್ ಎಂದದ್ದೂ ಕೇಳಿತು. ಗೆದ್ದೆ ಎಂದುಕೊಂಡಳು.

ಆಗ ಬಳಿಗಾರರು ಕಣ್ಣೊರೆಸಿಕೊಂಡು ಮೈಕು ಎಳೆದುಕೊಂಡರು. "ಡಾಕ್ಟರ್ ಕಸ್ತೂರಿ ಅವರು ಭಾಳ ಛಂದ ಹೇಳಿದ್ರು. ಈ ಶಬ್ದದ ವಿಚಾರಕ್ಕ ಒಂದು ಉಪಸಮಿತಿ ಮಾಡೂಣು. ಅದರ ವರದಿ ಮುಂದಿನ ವರ್ಷ ಬರ್ಲಿ. ಈಗ ಪ್ರಾತ್ಯಕ್ಷಿಕೆಗೆ ತಯಾರಿ ಆಗೇದ, ಮಂದಿ ಕಾಯ್ಲಿಕ್ಕತ್ತಾರ. ನಡೀಲಿ."

ಇಷ್ಟೇ. ನಕ್ಕರು, ಮೆಚ್ಚಿದರು, ಕೊಯ್ಯಲು ಹೊರಟರು. ಸಿಟ್ಟು ಮಾಡಿದವಳಿಗೆ ಒಬ್ಬನಾದರೂ ಎದುರು ಮಾತಾಡುತ್ತಾನೆ. ನಗಿಸಿದವಳಿಗೆ ಚಪ್ಪಾಳೆ ತಟ್ಟಿ ಪಕ್ಕಕ್ಕೆ ಕೂರಿಸುತ್ತಾರೆ. ಕಸ್ತೂರಿಗೆ ಗಂಡನ ಮೇಲೂ ಸಿಟ್ಟು ಬಂತು, ತನ್ನ ಮೇಲೂ ಬಂತು. ನಿಶ್ಚಲ್ ಘೋಷಣೆಯ ಕ್ರಮವನ್ನು ಸಭೆಗೆ ಓದಿ ಹೇಳತೊಡಗಿದ್ದ: ಕೊಯ್ಯುವ ಮುಂಚೆ ಗುಂಡಿಯ ಮಾತು ಕೇಳಬೇಕು, ತ್ರಾಸ ಎಂದರೆ ಕೆಲಸ ನಿಲ್ಲಿಸಿ ವೈದ್ಯರು ಪರೀಕ್ಷೆ ಮಾಡಬೇಕು, ಅಡ್ಡಿಯಿಲ್ಲ ಎಂದರೆ ಮುಂದುವರಿಯಬಹುದು, ಒಮ್ಮೆ ಕೊಟ್ಟ ಸಮ್ಮತಿಯನ್ನು ನಡುವೆ ಹಿಂತೆಗೆಯಲು ಬರುವುದಿಲ್ಲವಾದ್ದರಿಂದ ಕೊಯ್ಯುವಾಗ ಗುಂಡಿಯ ದನಿ ಬಂದ್ ಇರುತ್ತದೆ.

ದನಿ ಬಂದ್ ಇರುತ್ತದೆ ಎಂಬುದನ್ನು ಕೇಳಿದ್ದೇ ಕಸ್ತೂರಿ ಮೈಕು ಬಿಟ್ಟು ಮೆಟ್ಟಿಲು ಹತ್ತಿದಳು.

ಮೇಲಿನ ಕೋಣೆಯಲ್ಲಿ ನಕಾಶೆ ನಡೆಸುವ ಕಂಪ್ಯೂಟರುಗಳಿದ್ದವು. ಅವುಗಳ ಮುಂದೆ ಕೂತವಳು ರೇಣುಕಾ, ಕಸ್ತೂರಿಯ ಪ್ರಯೋಗಾಲಯದ ತಂತ್ರಜ್ಞೆ. ಗುಂಡಿಗಳ ಲೆಕ್ಕವೆಲ್ಲ ಬರುವುದು ಅಲ್ಲಿಗೇ, ಮಾತಿನ ಪಟ್ಟಿ ಇರುವುದೂ ಅಲ್ಲಿಯೇ.

"ರೇಣುಕಾ, ಮೂರನೇ ಶಬ್ದಾ ತಗದ್ರ ಏನಾಗ್ತದ?"

"ತಗದ್ರ ಅಂದ್ರ?"

"ಇಲ್ಲಂದ್ರ. ಅಡ್ಡಿಯಿಲ್ಲ ಅನ್ನೂ ಮಾತ ಬರಂಗಿಲ್ಲ ಅಂತ ತಿಳಿ."

ರೇಣುಕಾ ಯೋಚಿಸಿದಳು. "ಆರಾಮರೇ ಅನ್ನಬೇಕು, ತ್ರಾಸರೇ ಅನ್ನಬೇಕರಿ ಮೇಡಂ. ಓದಿದ್ದು ಯಾವುದಕ್ಕ ಸಮೀಪ ಇರ್ತದೋ ಅದನ್ನ ಅಂತದ. ಅದು ತನ್ನಷ್ಟಕ್ಕ ತಾನ ಆರಿಸ್ತದ. ಆದ್ರ ಕಂಪನಿಯವರಿಗೆ ಕೇಳದ…"

"ಕಂಪನಿಯವರು ನನಗ ಕೇಳಿ ಬರದ್ರೇನು? ಸರಿ ಆಕಡೆ. ನಿನ್ನ ಕೈ ತಾಗೂದು ಬ್ಯಾಡ, ನನ್ನ ಹೆಸರಿಲೇ ಆಗ್ಲಿ."

ರೇಣುಕಾ ಎದ್ದು ಕುರ್ಚಿ ಬಿಟ್ಟುಕೊಟ್ಟಳು. ಕಸ್ತೂರಿ ತನ್ನ ಗುಪ್ತಪದ ಒತ್ತಿ ಪಟ್ಟಿ ತೆರೆದಳು. ಅಳತೆಯ ಒಂದು ಅಂಕಿಯನ್ನೂ ಅವಳು ಮುಟ್ಟಲಿಲ್ಲ. ಮೂರನೆಯ ಸಾಲಿನ ಒಂದು ಶಬ್ದವನ್ನು ಅಳಿಸಿದಳು, ಉಳಿಸು ಎಂಬಲ್ಲಿ ಒತ್ತಿದಳು.

ಅವಳು ಕೆಳಗಿಳಿದು ಬರುವಾಗ ನಕಾಶೆ ಬದಲಾಗತೊಡಗಿತ್ತು. ಮೊದಲು ಗೌಳಿಗರ ಓಣಿಯಲ್ಲಿ ಒಂದು ಕೆಂಪು ಚುಕ್ಕಿ ಬಿತ್ತು. ಪಕ್ಕದಲ್ಲಿ ಇನ್ನೊಂದು. ಆಮೇಲೆ ಓಣಿ ಓಣಿಯೇ ಕೆಂಪೇರಿತು. ಕೆಲವು ಹಸಿರಾಗಿಯೇ ಉಳಿದವು, ಇಲ್ಲವೆನ್ನಬಾರದು. ಆದರೆ ಹುಡುಕಿ ನೋಡಬೇಕಾಗಿತ್ತು. ಸಭೆಯಲ್ಲಿ ಗುಸುಗುಸು ಎದ್ದಿತು. ಅಂಗಳದಲ್ಲಿ ಗರಗಸದವನು ಕ್ರಮದಂತೆ ಗುಂಡಿಯ ಮಾತು ಕೇಳಲು ಎಮ್ಮೆಯ ಕಿವಿಗೆ ಮೈಕು ಹಿಡಿದ.

"ತ್ರಾಸ," ಎಂದಿತು ಎಮ್ಮೆ.

ಗರಗಸದವನು ಕೈ ಕೆಳಗಿಳಿಸಿದ. ನಿಶ್ಚಲ್ ಬೆಣ್ಣೆ ಮಾತು ಮರೆತು ಕೂಗಾಡಿದ. "ಏನ್ ತ್ರಾಸ? ಅದನ್ನ ಯಾರೂ ಮುಟ್ಟೇ ಇಲ್ಲ ಇನ್ನೂ. ಸುಮ್ನೆ ನಿಂತಿದೆ. ಸಿಸ್ಟಮ್‌ಗೆ ಯಾರೋ ಏನೋ ಮಾಡಿದ್ದಾರೆ."

"ನಾನ ಮಾಡೇನಿ," ಎಂದಳು ಕಸ್ತೂರಿ. "ಒಂದು ಶಬ್ದ ತಗದೀನಿ. ಉಳದಿದ್ದೆಲ್ಲಾ ಆ ಗುಂಡೀನ ಓದಿದ್ದು."

"ಹಾಗಾದ್ರೆ ಇದು ಸುಳ್ಳು ಹೇಳ್ತಿದೆ."

"ತ್ರಾಸ ಅಂದ್ರ ಪರೀಕ್ಷಾ ಮಾಡಬೇಕಂತ ಈಗರೇ ಓದಿದ್ರಲ್ಲ. ಮಾಡೂಣು ಬರ್ರಿ."

ಬಳಿಗಾರರು ತಡೆಯಲಿಲ್ಲ. ಕಸ್ತೂರಿ ಅಂಗಳಕ್ಕೆ ನಡೆದಳು. ಎಮ್ಮೆಯ ಕಣ್ಣು ನೋಡಿದಳು, ಬಾಯಿ ನೋಡಿದಳು, ಕೆಚ್ಚಲು ಮುಟ್ಟಿ ನೋಡಿದಳು, ಗೊರಸು ಎತ್ತಿ ನೋಡಿದಳು. ಎಲ್ಲಿಯೂ ಏನೂ ಇರಲಿಲ್ಲ. ನಿಶ್ಚಲ್ ಕೈಕಟ್ಟಿ ನಿಂತು ಸಭೆಯ ಕಡೆ ನೋಡಿ ಸಣ್ಣಗೆ ನಕ್ಕ. ಕಿವಿಯ ಬುಡಕ್ಕೆ ಕೈ ಹಾಕಿದಾಗ ಎಮ್ಮೆ ಇಡೀ ಕಟಕಟೆ ಅಲುಗಾಡುವಂತೆ ತಲೆ ಕೊಡವಿತು.

ಅವಳು ಮೆಲ್ಲಗೆ ಕಿವಿಯನ್ನು ಮಡಚಿ ಗುಂಡಿಯನ್ನು ಒಂದು ಬದಿಯಿಂದ ಎತ್ತಿದಳು. ಅಡಿಯಿಂದ ಕೀವು ಇಳಿಯಿತು. ಕೀವಿನ ಹಿಂದೆ ಬಿಳಿ ಹುಳಗಳು ಮಿಸುಕಾಡಿದವು. ಕ್ಯಾಮೆರಾದವನು ಬೇಡವೆಂದರೂ ಆಗಲೇ ಹತ್ತಿರ ಹಿಡಿದಿದ್ದ. ಪರದೆಯ ಮೇಲೆ ಆ ಗಾಯ ಬಾಗಿಲಿನಷ್ಟು ದೊಡ್ಡದಾಗಿ ಕಂಡಿತು. ಮುಂದಿನ ಸಾಲಿನಲ್ಲಿ ಯಾರೋ ಪೇಢೆಯನ್ನು ಬಾಯಿಂದ ತೆಗೆದು ಕರವಸ್ತ್ರದೊಳಗೆ ಸುತ್ತಿದರು.

ವಿಠೋಬ ಬಗ್ಗಿ ನೋಡಿದ. ನೋಡುತ್ತಿದ್ದಂತೆ ಅವನ ಮುಖ ಬೂದಿಯಾಯಿತು.

"ಡಾಕ್ಟರ ಬಾಯಾರ, ನಾ ನೋಡೇ ಇಲ್ರಿ," ಎಂದ. "ಮೊದಲೆಲ್ಲಾ ದಿನಾ ಮುಂಜಾನಿ ಮೈ ತಿಕ್ಕತಿದ್ದೆ, ಕಿವಿ ಬಾಲಾ ಎಲ್ಲಾ ನೋಡತಿದ್ದೆ. ಈ ಗುಂಡಿ ಬಂದಮ್ಯಾಲೆ ಅದಾ ಹೇಳ್ತೈತಲ್ಲ ಅಂತ ಬಿಟ್ಬಿಟ್ಟೆ. ದಿನಾ ಅಡ್ಡಿಯಿಲ್ಲ ಅಡ್ಡಿಯಿಲ್ಲ ಅಂತಿತ್ತರಿ. ನಾನೂ ಅಡ್ಡಿಯಿಲ್ಲ ಬಿಡು ಅಂದೆ."

ಅವನ ಕಿಸೆಯಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಹೆಂಡತಿಯದು. ಮನೆಯಲ್ಲಿದ್ದ ಎಮ್ಮೆಗಳೆಲ್ಲ ಒಟ್ಟಿಗೇ ತ್ರಾಸ ಎನ್ನುತ್ತಿವೆ, ಏನು ಮಾಡಲಿ, ಎಂದು ಅವಳು ಕೂಗುವುದು ಪಕ್ಕದವರಿಗೂ ಕೇಳಿಸಿತು. ಅಷ್ಟರಲ್ಲಿ ಕಂಪನಿಯವರ ಫೋನುಗಳೂ ಶುರುವಾದವು. ಹೆಬ್ಬಳ್ಳಿ ಅಗಸಿಯಿಂದ, ಸಾಧನಕೇರಿಯಿಂದ, ಊರ ಹೊರಗಿನ ಕೊಟ್ಟಿಗೆಗಳಿಂದ, ನಮ್ಮ ಎಮ್ಮಿ ತ್ರಾಸ ಅನ್ನಾಕತ್ತೈತಿ, ಯಾರರೇ ಬರ್ರಿ, ಎಂದು. ನಿಶ್ಚಲ್ ಒಂದರ ಮೇಲೊಂದು ಫೋನು ಕತ್ತರಿಸುತ್ತ ನಿಂತ.

ಬಳಿಗಾರರು ಮೇಜು ಹಿಡಿದು ಎದ್ದರು. "ಕಸ್ತೂರಿ, ನಾಳೆ ಮುಂಜಾನಿ ಆ ಶಬ್ದ ತಿರುಗಿ ಹಾಕ್ತಾರ ಅವರು. ನಿನ್ನ ನೌಕರಿಗೂ ಸಂಚಕಾರ ಬರ್ತದ. ಗೊತ್ತದ ಇಲ್ಲೋ?"

"ಬರ್ಲಿ ಸರ್. ನಾಳೆ ಮುಂಜಾನಿ ತನಕ ಟೈಮ್ ಅದಲ್ಲ."

ಅವಳು ವೈದ್ಯರ ಪೆಟ್ಟಿಗೆಯಿಂದ ಕತ್ತರಿ ತರಿಸಿ ಗುಂಡಿಯನ್ನು ಕತ್ತರಿಸಿ ತೆಗೆದಳು, ಹುಳ ತೆಗೆದು ಗಾಯ ತೊಳೆದಳು, ಔಷಧ ಹಚ್ಚಿದಳು. ವಿಠೋಬ ಕಟಕಟೆಯ ಹಗ್ಗಗಳನ್ನು ಒಂದೊಂದಾಗಿ ಬಿಚ್ಚಿದ. ಗರಗಸದವನು ಅವನಿಗೆ ಕೈ ಕೊಟ್ಟ. ಕಸ್ತೂರಿ ಆ ಕೀವು ಹತ್ತಿದ ಗುಂಡಿಯನ್ನು ಹಾಗೆಯೇ ಒಳಗೆ ತಂದು ಘೋಷಣೆಯ ಕಾಗದದ ಮೇಲೆ, ಸಹಿ ಹಾಕಬೇಕಾದ ಜಾಗದಲ್ಲಿ ಇಟ್ಟಳು. ಯಾರೂ ಅದನ್ನು ಮುಟ್ಟಲಿಲ್ಲ. ಆಮೇಲೆ ಮೈಕು ತೆಗೆದುಕೊಂಡಳು. ಈ ಸಲ ಸಿಟ್ಟನ್ನು ನುಂಗಲಿಲ್ಲ.

"ಇಡೀ ದೇಶದ ಪಶುವೈದ್ಯರು ಇಲ್ಲೆ ಕೂತೀರಿ. ಊರ ತುಂಬ ಎಮ್ಮಿ ಕರೀಲಿಕ್ಕತ್ತಾವ. ಮುಂಜಾನಿಂದ ಪ್ರಾಣಿ ಕ್ಷೇಮ, ಪ್ರಾಣಿ ಕ್ಷೇಮ ಅಂತ ಭಾಷಣ ಮಾಡಿದ್ರಿ. ಏಳ್ರಿ. ನಕಾಶಾದಾಗ ಎಲ್ಲೆಲ್ಲೆ ಕೆಂಪದ ಕಾಣಸ್ತದ. ಒಬ್ಬೊಬ್ಬರು ಒಂದೊಂದು ಕೊಟ್ಟಿಗಿಗೆ ಹೋಗ್ರಿ. ಹೋಗಿ ಕಿವಿ ಎತ್ತಿ ನೋಡ್ರಿ."

ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಮುಂದಿನ ಸಾಲಿನವರು ಅಧ್ಯಕ್ಷರ ಮುಖ ನೋಡಿದರು, ಅಧ್ಯಕ್ಷರು ಗುಂಡಿಯನ್ನು ನೋಡುತ್ತಿದ್ದರು. ಎಷ್ಟು ಜನ ಎದ್ದರು ಎಂದು ನೋಡಲು ಕಸ್ತೂರಿ ನಿಲ್ಲಲಿಲ್ಲ. ವಿಠೋಬ ಆಗಲೇ ಎಮ್ಮೆಯನ್ನು ಹೊಡೆದುಕೊಂಡು ಗೇಟು ದಾಟಿದ್ದ. ಅವನ ಕೊಟ್ಟಿಗೆಯಲ್ಲಿ ಇನ್ನೂ ಎಮ್ಮೆಗಳಿದ್ದವು, ಮತ್ತು ಒಂದೊಂದಕ್ಕೂ ಒಂದೊಂದು ಗುಂಡಿ ಇತ್ತು.